ಎಕ್ಸ್‌ಪಿ ಬಿಡದವರ ನೆವಗಳು

ನನಗೆ ಹಳೆಯ ಕಂಪ್ಯೂಟರ್ ಕಂಡರೆ ಆಗುವುದಿಲ್ಲ. ಹೇಸಿಗೆ ಅಂದರೆ ಹೇಸಿಗೆ. ಗಜೇಂದ್ರಗಡದಲ್ಲಿ ಮನೆ, ರೋಣ, ನರಗುಂದದಲ್ಲಿ ಗಿರಾಕಿಗಳು. ಇಪ್ಪತ್ತು ವರ್ಷದಿಂದ ಬೈಕಿನ ಹಿಂದೆ ಬ್ಯಾಗು ಕಟ್ಟಿಕೊಂಡು ಈ ಮೂರು ಊರು ತಿರುಗುತ್ತ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಸ್ಕ್ರೂ ಬಿಚ್ಚಿ ಬದಿಯ ತಗಡು ಸರಿಸಿದರೆ ಸಾಕು, ಇಲಿ ಉಚ್ಚೆಯ ವಾಸನೆ ಮುಖಕ್ಕೆ ರಾಚುತ್ತದೆ. ಫ್ಯಾನಿನ ರೆಕ್ಕೆಗಳ ಮೇಲೆ ಎರೆಮಣ್ಣಿನ ಧೂಳು ದಪ್ಪಗೆ ಕೂತಿರುತ್ತದೆ. ಒಮ್ಮೆ ನರಗುಂದದ ಅಂಗಡಿಯೊಂದರಲ್ಲಿ ಸತ್ತು ಒಣಗಿದ ಹಲ್ಲಿ ಸಿಕ್ಕಿತು, ಅದಕ್ಕೆ ಬಾಲ ಇರಲಿಲ್ಲ. ಬಾಲ ಎಲ್ಲಿ ಬಿದ್ದಿದೆ ಎಂದು ಹುಡುಕುವಾಗ ವಾಕರಿಕೆ ಬಂದು ಹೊರಗೆ ಓಡಿದ್ದೆ. ಮಾಲೀಕರು ಪಕ್ಕದಲ್ಲೇ ಕೂತು ಗಿರಮಿಟ್ಟು ತಿನ್ನುತ್ತಿದ್ದರು, ನನಗೂ ಒಂದು ಪೊಟ್ಟಣ ತರಿಸಲೇ ಎಂದು ಕೇಳಿದರು.

ಹೊರಗಿನ ಹೊಲಸು ಹಾಗಿರಲಿ, ಒಳಗಿನದು ಇನ್ನೂ ಕೆಟ್ಟದ್ದು. ಸ್ವಿಚ್ ಒತ್ತಿ, ಒಂದು ಚಹಾ ಕುಡಿದು ಬರುವಷ್ಟು ಹೊತ್ತು ಕಾದ ಮೇಲೆ ಪರದೆಯ ಮೇಲೆ ಅದೇ ಹಸಿರು ಗುಡ್ಡ, ಅದೇ ನೀಲಿ ಆಕಾಶ. ವಿಂಡೋಸ್ ಎಕ್ಸ್‌ಪಿ. ಮಾಡಿದವರೇ ಅದರ ಕೈಬಿಟ್ಟು ಎಷ್ಟೋ ವರ್ಷವಾಯಿತು, ನಮ್ಮ ಮಂದಿ ಬಿಡಲೊಲ್ಲರು. ಅದಕ್ಕೆ ಪೆನ್‌ಡ್ರೈವ್ ಚುಚ್ಚಿ ತೆಗೆದರೆ ಹತ್ತು ನಮೂನೆಯ ವೈರಸ್ಸು ಮೆತ್ತಿಕೊಂಡು ಬರುತ್ತವೆ. ಅಂಥ ಪೆನ್‌ಡ್ರೈವನ್ನು ನಾನು ಅಂಗಿಯ ಕಿಸೆಯಲ್ಲಿ ಇಡುತ್ತಿರಲಿಲ್ಲ, ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ‘ಅದೇನ ಕಜ್ಜಿ ಏನ್ರಿ, ಮುಟ್ಟಿದ್ರ ಹತ್ತಾಕ?’

ಇನ್ನು ಅವರು ಹೇಳುವ ನೆವಗಳು. ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಪ್ರತಿ ವರ್ಷ ಆಯುಧ ಪೂಜೆಯ ದಿನ ಅರಿಸಿನ ಕುಂಕುಮವನ್ನು ನೇರ ಫ್ಯಾನಿನ ಬಾಯಿಗೇ ಏರಿಸುವರು. ಬಿಚ್ಚಿದರೆ ಒಳಗೆಲ್ಲ ಕೆಂಪು ರಾಡಿ. ಹೊಸದು ಹಾಕಿಸಿರಿ ಎಂದರೆ, ‘ಇದು ಬಂದ ಮ್ಯಾಲ ನಮ್ಮ ಅಂಗಡಿ ಚಲೋ ಆತು ಭಾಯಿ, ಹ್ಯಾಂಗ ಹೊರಗ ಹಾಕ್ಲಿ?’ ಎನ್ನುವರು. ನರಗುಂದದ ಪ್ರೆಸ್ಸಿನವರದು ಇನ್ನೊಂದು: ‘ನಮ್ಮ ಮಶೀನ ಇದರ ಮಾತ ಅಷ್ಟ ಕೇಳತೈತಿ.’ ಔಷಧಿ ಅಂಗಡಿಯವರು, ‘ಹೊಸಾದ್ರಾಗ ಯಾವದು ಎಲ್ಲೈತಿ ತಿಳ್ಯಂಗಿಲ್ಲ, ಎರಡ ದಿನ ವ್ಯಾಪಾರ ನಿಲ್ಲತೈತಿ’ ಎನ್ನುವರು. ಇವೆಲ್ಲವನ್ನೂ ನಾನು ಒಂದೇ ಬುಟ್ಟಿಗೆ ಹಾಕಿದ್ದೆ. ಮೈಗಳ್ಳತನ, ಬೇರೆ ಏನೂ ಅಲ್ಲ. ಯಾರು ಏನೇ ಹೇಳಲಿ, ನನ್ನ ಉತ್ತರ ಸಿದ್ಧವಿರುತ್ತಿತ್ತು. ‘ಎಂಟ ದಿನ ತ್ರಾಸ ಆಕ್ಕೈತ್ರಿ, ಆಮ್ಯಾಲ ರೂಢಿ ಆಕ್ಕೈತಿ.’ ಎಷ್ಟು ಸಲ ಹೇಳಿದ್ದೆನೋ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತಿದ್ದೆ.

ರೋಣದ ಸರಕಾರಿ ಕಚೇರಿಯೊಂದಕ್ಕೂ ರಿಪೇರಿಗೆ ನಾನೇ ಹೋಗುತ್ತಿದ್ದೆ. ಯಾವ ಕಚೇರಿ ಎಂಬುದು ಬೇಡ. ಅಲ್ಲಿ ಒಬ್ಬ ಟೈಪಿಸ್ಟ್ ಇದ್ದ, ಹೊಳೆಮಣ್ಣೂರಿನವ, ಮೂವತ್ತೈದರ ಆಸುಪಾಸು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ದಿನಾ ಬಸ್ಸಿಗೆ ಬಂದು, ಬಿಳಿ ಕೋಲನ್ನು ಮಡಚಿ ಮೇಜಿನ ಡ್ರಾದಲ್ಲಿಟ್ಟು, ಕಿವಿಗೆ ಹೆಡ್‌ಫೋನ್ ಏರಿಸಿದನೆಂದರೆ ಸಂಜೆಯತನಕ ಟಪಟಪ ಬಡಿಯುತ್ತಿದ್ದ. ಆತನದು ಕಾಯಂ ನೌಕರಿಯಲ್ಲ, ಗುತ್ತಿಗೆ. ಪ್ರತಿ ಮಾರ್ಚಿನಲ್ಲಿ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದು, ಒಂದು ಪತ್ರವನ್ನು ಬಾಯಲ್ಲಿ ಹೇಳಿ ಟೈಪು ಮಾಡಿಸಿ, ಓದಿಸಿ ನೋಡುವರು. ಸರಿ ಇದ್ದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಮನೆ. ಆರು ವರ್ಷ ಹೀಗೇ ದಾಟಿದ್ದ. ಹೆಂಡತಿ, ಎರಡು ಹೆಣ್ಣುಮಕ್ಕಳು, ಓದುತ್ತಿದ್ದ ತಂಗಿ, ಎಲ್ಲರೂ ಆ ಒಂದು ಕುರ್ಚಿಯನ್ನು ನಂಬಿಕೊಂಡಿದ್ದರು. ಇದು ನನಗೆ ಗೊತ್ತಿತ್ತು. ಚಹಾ ಕುಡಿಯುವಾಗ ಆತನೇ ಹೇಳಿದ್ದ.

ಆತನ ಕಂಪ್ಯೂಟರ್ ಇಡೀ ಕಚೇರಿಯಲ್ಲೇ ಹೊಲಸು. ಹೆಡ್‌ಫೋನಿನ ಸ್ಪಂಜು ಕೊಳೆತು ಕರಿ ಚೂರುಗಳಾಗಿ ಕಿವಿಗೆ ಅಂಟಿರುತ್ತಿದ್ದವು. ನೋಡಲಾಗದೆ ಒಮ್ಮೆ ಕೇಳಿಯೇಬಿಟ್ಟೆ. ‘ಇದನ್ನ ಕಿವಿಗೆ ಹ್ಯಾಂಗ ಇಟ್ಕೋತೀಪಾ?’

‘ನೀವ ನೋಡಬ್ಯಾಡ್ರಿ ಭಾಯಿ,’ ಎಂದ. ‘ನಾನೂ ನೋಡಂಗಿಲ್ಲ.’

ಅದೇ ದಿನ ಅದನ್ನು ನನ್ನ ಕಿವಿಗೂ ಇಡಿಸಿದ. ಉಗುರಿನ ತುದಿಯಲ್ಲಿ ಹಿಡಿದು ಕೇಳಿದೆ. ಬಾಣಲೆಯಲ್ಲಿ ಕಡಲೆ ಹುರಿದಂತೆ ಒಂದೇ ಚಟಪಟ. ಅದು ಕನ್ನಡವಂತೆ. ಆತ ಒತ್ತಿದ ಪ್ರತಿ ಅಕ್ಷರವನ್ನು, ಬರೆದ ಪ್ರತಿ ಸಾಲನ್ನು ಆ ಯಂತ್ರ ಓದಿ ಹೇಳುತ್ತಿತ್ತು, ಕಣ್ಣಿದ್ದವರು ಕಣ್ಣಾಡಿಸುವಷ್ಟೇ ವೇಗದಲ್ಲಿ. ಅಂಧರ ಶಾಲೆಯ ಗುರುಗಳೊಬ್ಬರು ಅದನ್ನು ಮಾಡಿ ಒಂದು ಸಿ.ಡಿ.ಯಲ್ಲಿ ಹಾಕಿ ಕೊಟ್ಟಿದ್ದರು, ಅವರು ಈಗ ಇಲ್ಲ. ಊರುಗಳ ಹೆಸರು ಅದರ ಬಾಯಲ್ಲಿ ತಿರುಗುತ್ತಿರಲಿಲ್ಲವಂತೆ. ಇಟಗಿ, ಲಕ್ಕಲಕಟ್ಟಿ ಎಂದು ಒಂದೊಂದನ್ನೇ ಈತ ಆರು ವರ್ಷ ಕೂತು ಕಲಿಸಿದ್ದ. ಮೌಸ್ ಮುಟ್ಟುತ್ತಿರಲಿಲ್ಲ. ಎಲ್ಲ ಎಣಿಕೆಯ ಮೇಲೆ: ಈ ಕೀಲಿ ಒಮ್ಮೆ, ಕೆಳಗೆ ಮೂರು ಸಲ, ಎಂಟರ್, ಪತ್ರ ಪ್ರಿಂಟಾಯಿತು. ‘ಇದು ಎಕ್ಸ್‌ಪಿ ಮ್ಯಾಲ ಅಷ್ಟ ನಡಿತೈತ್ರಿ ಭಾಯಿ, ಬ್ಯಾರೆದ್ರಾಗ ಹಾಕಿ ನೋಡೇವಿ, ಬಾಯಿನ ಬಿಡಂಗಿಲ್ಲ,’ ಎಂದಿದ್ದ. ನಾನು ಹೂಂ ಎಂದೆ. ಇದೂ ಒಂದು ನೆವ ಎಂದುಕೊಂಡು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದುಕೊಂಡೆ.

ಆ ವರ್ಷವೇ ಮಾರ್ಚಿನಲ್ಲಿ ಮೇಲಿನಿಂದ ಸುತ್ತೋಲೆ ಬಂತು, ಹಳೆಯ ಕಂಪ್ಯೂಟರುಗಳನ್ನೆಲ್ಲ ಬದಲಿಸಬೇಕೆಂದು. ಅಲ್ಲಿ ಐದು ಇದ್ದವು. ನನಗೆ ಹಬ್ಬ ಬಂದಂತಾಯಿತು. ಕಚೇರಿಯ ಸಾಹೇಬರನ್ನು ಒಂದು ಮಾತು ಕೇಳಿದೆ, ಟೈಪಿಸ್ಟನದನ್ನೂ ಈಗಲೇ ತೆಗೆಯಲೇ, ಆತನಿಗೆ ಹೇಳಿ ತೆಗೆಯಲೇ ಎಂದು. ಸಾಹೇಬರು ಕುರ್ಚಿಗೆ ಒರಗಿಕೊಂಡು ನಕ್ಕರು.

‘ಅವಗ ಕಾಣಂಗಿಲ್ಲ ಭಾಯಿ. ಹಳೇದಾದ್ರೇನ, ಹೊಸಾದಾದ್ರೇನ? ತಗದ ಬಿಡ್ರಿ.’

ನಾನೂ ನಕ್ಕೆ. ಆ ಹೊತ್ತಿಗೆ ಅದು ಬಲು ಶಾಣ್ಯಾತನದ ಮಾತು ಅನ್ನಿಸಿತ್ತು. ಕಣ್ಣಿದ್ದವರು ಬಣ್ಣ ಬದಲಾಯಿತು, ಚಿತ್ರ ಬದಲಾಯಿತು ಎಂದು ರಂಪ ಮಾಡುತ್ತಾರೆ, ಈತನಿಗೆ ಆ ತಕರಾರೇ ಇಲ್ಲವಲ್ಲ. ಈಗ ಆ ನಗು ನೆನಪಾದರೆ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಎರಡನೇ ಶನಿವಾರ, ಕಚೇರಿಗೆ ರಜೆ. ಸಿಪಾಯಿಯಿಂದ ಕೀಲಿ ಇಸಿದುಕೊಂಡು ಒಬ್ಬನೇ ಕೂತು ಐದನ್ನೂ ಬದಲಿಸಿದೆ. ಹಳೆಯವುಗಳೊಳಗಿನ ಹಾರ್ಡ್‌ಡಿಸ್ಕುಗಳನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಹಾಗೆ ಬಂದ ಡಿಸ್ಕನ್ನು ಅಳಿಸಿ ಅಂಗಡಿಗಳ ಸಿಸಿಟಿವಿ ಪೆಟ್ಟಿಗೆಗೆ ಕೂಡಿಸುವುದು ನಮ್ಮಂಥವರ ರೂಢಿ. ಟೈಪಿಸ್ಟನ ಮೇಜಿಗೆ ಬಂದಾಗ ಆ ಹೆಡ್‌ಫೋನನ್ನು ಪೇಪರಿನ ಚೂರಿನಲ್ಲಿ ಹಿಡಿದು, ಸತ್ತ ಇಲಿ ಎತ್ತಿದ ಹಾಗೆ ಎತ್ತಿ, ಕಸದ ಬುಟ್ಟಿಗೆ ಒಗೆದೆ. ಹೊಸ ಕಂಪ್ಯೂಟರ್ ಥಳಥಳ ಹೊಳೆಯಿತು. ನನಗೆ ನಾನೇ ಶಾಭಾಸ್ ಹೇಳಿಕೊಂಡು ಗಜೇಂದ್ರಗಡಕ್ಕೆ ಬಂದೆ.

ಸೋಮವಾರ ಹತ್ತೂವರೆಗೆ ಆತನ ಫೋನು. ‘ಭಾಯಿ, ದನಿ ಬರವಲ್ದರಿ. ಸ್ವಲ್ಪ ಬಂದ ಹೋಗ್ರಿ.’

‘ಹೊಸಾದೈತಿ, ಎಂಟ ದಿನ ತ್ರಾಸ ಆಕ್ಕೈತಿ. ರೂಢಿ ಆಕ್ಕೈತಿ ಬಿಡಪಾ,’ ಎಂದೆ.

ಮಂಗಳವಾರ ಮತ್ತೆ ಮಾಡಿದ. ಸಿ.ಡಿ. ಮನೆಯಲ್ಲಿದೆ, ತರುತ್ತೇನೆ, ಹಾಕಿ ಕೊಡಿ ಎಂದ. ಹೊಸದಕ್ಕೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ ಎಂದೆ. ‘ಹಂಗಾದ್ರ ನನ್ನ ಹಳೇದ ಕೊಟ್ಟ ಬಿಡ್ರಿ. ಗುರುವಾರ ಜಿಲ್ಲಾದ ಸಾಹೇಬ್ರು ಪರೀಕ್ಷಾಕ್ಕ ಬರ್ತಾರ,’ ಎಂದ. ನರಗುಂದದಲ್ಲಿ ಕೆಲಸವಿದೆ, ನೋಡೋಣ ಎಂದು ಇಟ್ಟೆ. ಬುಧವಾರದ ಫೋನನ್ನು ಎತ್ತಲೇ ಇಲ್ಲ. ಎಲ್ಲರ ಹಾಗೆ ಇವನೂ ಕಿರಿಕಿರಿ ಮಾಡುತ್ತಾನೆ ಎಂದು ಹೆಂಡತಿಯ ಮುಂದೆ ಬೈದುಕೊಂಡೆ.

ಗುರುವಾರ ಅದೇ ಕಚೇರಿಗೆ ಪ್ರಿಂಟರ್ ಜೋಡಿಸಲು ಹೋಗಿದ್ದೆ. ಜಿಲ್ಲೆಯ ಅಧಿಕಾರಿ ಬಂದಿದ್ದರು. ಟೈಪಿಸ್ಟ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯಲ್ಲಿ ಏನೂ ಇಲ್ಲದೆ ಕೂತಿದ್ದ. ಅಧಿಕಾರಿ ಪತ್ರ ಹೇಳಿದರು, ಆತನ ಬೆರಳು ಮೊದಲಿನಂತೆಯೇ ಓಡಿದವು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಮೇಲೆ ಒಂದೂ ಕನ್ನಡ ಅಕ್ಷರ ಇರಲಿಲ್ಲ. ಹೊಸದರಲ್ಲಿ ಕೀಬೋರ್ಡನ್ನು ಕನ್ನಡಕ್ಕೆ ಹೊರಳಿಸುವ ರೀತಿಯೇ ಬೇರೆ. ಹಳೆಯ ಎಣಿಕೆಯಂತೆ ಒತ್ತಿದವನಿಗೆ ಬಂದದ್ದು ಇಂಗ್ಲಿಷಿನ ಕಲಸುಮೇಲೋಗರ. ತಪ್ಪಾಗಿದೆ ಎಂದು ಹೇಳಲು ಕಿವಿಯಲ್ಲಿ ದನಿಯಿಲ್ಲ. ಆತ ಮುಖದಲ್ಲಿ ಧೈರ್ಯ ತಂದುಕೊಂಡು, ಒಂದೂ ತಪ್ಪಿಲ್ಲದವನ ಹಾಗೆ ಬಡಿಯುತ್ತಲೇ ಇದ್ದ. ಒಂದು ಪುಟ ಪೂರ್ತಿ.

‘ಏನಿದು?’ ಎಂದರು ಅಧಿಕಾರಿ.

‘ಸರಿ ಬಂದಿಲ್ಲೇನ್ರಿ ಸರ್?’ ಎಂದ. ‘ಶನಿವಾರ ಬದಲಿ ಮಾಡ್ಯಾರ್ರಿ. ನನಗ ಓದಿ ಹೇಳೂದು ಈ ಹೊಸಾದ್ರಾಗ ಇಲ್ರಿ.’

ಅಧಿಕಾರಿ ಕಚೇರಿಯ ಸಾಹೇಬರ ಮುಖ ನೋಡಿದರು. ಸಾಹೇಬರು ನನ್ನ ಮುಖ ನೋಡಿದರು. ‘ಯಂತ್ರದಾಗ ಏನರ ದೋಷ ಐತೇನು?’ ಎಂದು ಅಧಿಕಾರಿ ನನ್ನನ್ನೇ ಕೇಳಿದರು.

ಒಂದು ಮಾತು ಸಾಕಿತ್ತು. ಸರ್, ಆತನ ದನಿಯನ್ನು ತೆಗೆದವನು ನಾನು, ಒಂದು ವಾರ ಕೊಡಿ, ಕೂಡಿಸಿ ಕೊಡುತ್ತೇನೆ. ಅಷ್ಟು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನಾಲ್ಕು ಜನರೆದುರು ನನ್ನ ಕೆಲಸದಲ್ಲಿ ನಾನೇ ತಪ್ಪು ತೋರಿಸುವುದು ನನ್ನಿಂದ ಆಗಲಿಲ್ಲ.

‘ಇಲ್ರಿ ಸರ್,’ ಎಂದೆ. ‘ಯಂತ್ರ ಬರೋಬರಿ ಐತ್ರಿ. ನಾನ ಕೂಡಿಸೀನಿ.’

ಟೈಪಿಸ್ಟ್ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ. ನಾನು ಅಲ್ಲಿದ್ದೇನೆಂದು ಆತನಿಗೆ ಅದೇ ಆಗ ತಿಳಿದದ್ದು. ಅಧಿಕಾರಿ ಕಾಗದದ ಮೇಲೆ ಬರೆದು, ಬರೆದದ್ದನ್ನು ಓದಿಯೂ ಹೇಳಿದರು: ಗಣಕಯಂತ್ರದ ತಿಳಿವಳಿಕೆ ಇಲ್ಲ, ಮುಂದುವರಿಸುವ ಅಗತ್ಯ ಕಾಣುವುದಿಲ್ಲ. ಆರು ವರ್ಷ ಇಡೀ ಕಚೇರಿಯ ಪತ್ರ ಬಡಿದವನಿಗೆ ತಿಳಿವಳಿಕೆ ಇಲ್ಲ. ಥೂ, ಅಲ್ಲಿ ನಿಂತಿದ್ದ ನಮ್ಮಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಹೊರಗೆ ಬಂದಾಗ ಆತ ವರಾಂಡದ ಬೆಂಚಿನ ಮೇಲೆ ಕೋಲು ಬಿಡಿಸುತ್ತ ಕೂತಿದ್ದ. ದಾಟಿ ಹೋಗಲು ಅದೊಂದೇ ದಾರಿ. ನಾನು ಏನು ಮಾಡಿದೆನೆಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಎರಡೂ ಚಪ್ಪಲಿಗಳನ್ನು ಕಾಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಆತನ ಮುಂದೆಯೇ ಬೆಕ್ಕಿನ ಹೆಜ್ಜೆಯಲ್ಲಿ ನಡೆದುಹೋದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಹೊಲಸಾದದ್ದು ಇನ್ನೊಂದಿಲ್ಲ.

ಮರುದಿನ ನರಗುಂದಕ್ಕೆ ಓಡಿದೆ. ಆತನ ಡಿಸ್ಕನ್ನು ಬುಧವಾರವೇ ಬಟ್ಟೆಯಂಗಡಿಯೊಂದರ ಸಿಸಿಟಿವಿಗೆ ಕೂಡಿಸಿದ್ದೆ, ಅವನ ಫೋನು ಎತ್ತದೆ ಇದ್ದಾಗ ಮಾಡುತ್ತಿದ್ದ ಕೆಲಸ ಅದೇ. ತೆರೆದು ನೋಡಿದರೆ ಅದರಲ್ಲಿ ಆ ಅಂಗಡಿಯ ಬಾಗಿಲು. ಗಿರಾಕಿಗಳು ಬರುತ್ತಾರೆ, ಸೀರೆ ಎಳೆಯುತ್ತಾರೆ, ಹೋಗುತ್ತಾರೆ. ಆತ ಆರು ವರ್ಷ ಕಲಿಸಿದ ಊರುಗಳು, ಹೊಂದಿಸಿಟ್ಟ ಪತ್ರಗಳು, ಎಲ್ಲದರ ಮೇಲೆ ಈ ಬಾಗಿಲು ಕೂತಿತ್ತು. ಅಂಗಡಿಯವರು ಕ್ಯಾಮೆರಾ ಎಷ್ಟು ಸ್ವಚ್ಛ ಕಾಣಿಸುತ್ತದೆಂದು ನನ್ನನ್ನು ಹೊಗಳಿದರು. ಚಹಾ ಕೊಟ್ಟರು. ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ.

ಎಷ್ಟೋ ಹೊತ್ತು ಹಿಂದೆ ಮುಂದೆ ನೋಡಿ ರೋಣದ ಸಾಹೇಬರಿಗೆ ಫೋನು ಮಾಡಿದೆ, ತಪ್ಪು ನನ್ನದೆಂದು ಹೇಳಿದೆ. ‘ಮೂವತ್ತೊಂದರೊಳಗ ನೀವು ಬರದ ಕೊಟ್ರ ಮ್ಯಾಲ ಕಳಸ್ತೀನಿ, ಪರೀಕ್ಷಾ ಇನ್ನೊಮ್ಮೆ ಆಗಬಹುದು. ಆದ್ರ ಖರೇ ಹೇಳ್ತೀನಿ ಭಾಯಿ, ಆ ಕಾಗದ ಹೋತಂದ್ರ ಈ ಕಡೆ ಯಾವ ಕಚೇರಿಯವರೂ ನಿಮ್ಮನ್ನ ಕರ್ಯಂಗಿಲ್ಲ. ವಿಚಾರ ಮಾಡ್ರಿ,’ ಎಂದರು. ತಗದ ಬಿಡ್ರಿ ಎಂದವರು ತಾವೇ ಎಂಬುದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ದಿನ ವಿಚಾರ ಮಾಡಿದೆ. ಮೂರನೆಯ ದಿನ ಕಾಗದ ಬರೆದುಕೊಂಡು, ಗುಜರಿಯಲ್ಲಿದ್ದ ಹಳೆಯ ಕಂಪ್ಯೂಟರೊಂದಕ್ಕೆ ಎಕ್ಸ್‌ಪಿ ಹಾಕಿ, ಬೈಕಿಗೆ ಕಟ್ಟಿಕೊಂಡು ಹೊಳೆಮಣ್ಣೂರಿಗೆ ಹೋದೆ. ಆತ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

‘ಬರ್ರಿ ಭಾಯಿ,’ ಎಂದ. ‘ಅವತ್ತ ಚಪ್ಪಲಿ ಕೈಯಾಗ ಹಿಡಕೊಂಡ ಹೋದ್ರಿ. ಇವತ್ತ ಹಾಕ್ಕೊಂಡ ಬಂದೀರಿ, ಚಲೋ ಆತು.’

ಆತನ ಹೆಂಡತಿ ನೀರು ತಂದಿಟ್ಟಳು. ನಾನು ಕಂಪ್ಯೂಟರ್ ಇಳಿಸಿ, ಆತನ ಸಿ.ಡಿ. ಹಾಕಿ ಚಾಲೂ ಮಾಡಿದೆ. ದನಿ ಬಂತು. ಆತ ಕೀಲಿ ಒತ್ತಿ ಇಟಗಿ ಎಂದು ಬರೆದ, ಯಂತ್ರ ಏನೋ ಒದರಿತು. ಲಕ್ಕಲಕಟ್ಟಿ ಬರೆದ, ಇನ್ನೇನೋ ಒದರಿತು. ಆತ ಕೈ ಹಿಂದಕ್ಕೆ ತೆಗೆದ. ‘ಮೊದಲಿಂದ ಕಲಸಬೇಕಲ್ರಿ,’ ಎಂದ. ‘ಕಲಸ್ತೀನಿ. ಮೊದಲ ಕುರ್ಚಿ ಉಳಿಲಿ.’

ನಾನು ಕಿಸೆಯಿಂದ ಕಾಗದ ತೆಗೆದು ಕೊಟ್ಟೆ. ಆತ ಅದನ್ನು ಹೆಂಡತಿಗೆ ಕೊಟ್ಟ. ಆಕೆ ಗಟ್ಟಿಯಾಗಿ ಓದಿದಳು. ‘ತಾಂತ್ರಿಕ ಕಾರಣಗಳಿಂದಾಗಿ ಸದರಿ ಗಣಕಯಂತ್ರದಲ್ಲಿ ಧ್ವನಿ ಸೌಲಭ್ಯ ಲಭ್ಯವಾಗದೆ ಇದ್ದುದರಿಂದ ಮರುಪರೀಕ್ಷೆಗೆ ಅವಕಾಶ ನೀಡಬೇಕಾಗಿ ವಿನಂತಿ.’

‘ತಾಂತ್ರಿಕ ಕಾರಣ ಅಂದ್ರ ಯಾರ್ರಿ ಅವರು?’ ಎಂದ. ದನಿ ಏರಿಸಲಿಲ್ಲ. ‘ಯಾವ ಊರವರು? ಸಾಹೇಬ್ರು ಕರಸಿದ್ರ ಬಂದ ನಿಂದ್ರತಾರೇನು?’

ಬರೆಯುವಾಗ ಆ ಮಾತು ನನ್ನ ಕೈಗೆ ಎಷ್ಟು ಸರಾಗ ಬಂದಿತ್ತು ಎಂದು ನೆನೆದು ನನ್ನ ಕೈಯೇ ನನಗೆ ಅಸಹ್ಯವಾಯಿತು. ಆಕೆ ಒಳಗೆ ಹೋಗಿ ಮಗಳ ನೋಟ್‌ಬುಕ್ ತಂದು ಮುಂದಿಟ್ಟಳು. ಏನು ಬರೆಯಬೇಕೆಂದು ಆತ ಹೇಳಿಕೊಡಲಿಲ್ಲ, ನೀವೇ ಬರೀರಿ ಎಂದ. ಬರೆದೆ. ಈ ಯಂತ್ರವಿಲ್ಲದೆ ತನ್ನ ಕೆಲಸ ನಡೆಯದೆಂದು ಆತ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ. ಮೂರು ಸಲ ಫೋನು ಮಾಡಿದ, ಹೋಗಲಿಲ್ಲ. ಅಧಿಕಾರಿಗಳು ಕೇಳಿದಾಗ ನಾನು ಸುಳ್ಳು ಹೇಳಿದೆ. ಆಕೆ ಅದನ್ನೂ ಗಟ್ಟಿಯಾಗಿ ಓದಿದಳು. ಸುಳ್ಳು ಎಂಬಲ್ಲಿ ನಿಂತು, ನನ್ನ ಕಡೆ ಒಮ್ಮೆ ನೋಡಿ,  ಮುಂದಿನದನ್ನು ಓದಿ ಮುಗಿಸಿದಳು. ನಾನು ಕೆಳಗೆ ಸಹಿ ಮಾಡಿ ನೋಟ್‌ಬುಕ್ಕನ್ನು ಆತನ ಕಡೆ ಸರಿಸಿದೆ.

ಆತ ಹಾಳೆಯ ಕೆಳಗೆ ಬೆರಳು ತೂರಿಸಿ ಹಿಂಬದಿಯನ್ನು ಮೇಲಿನಿಂದ ಕೆಳಗೆ ಸವರಿದ. ಬಾಲ್‌ಪೆನ್ನು ಒತ್ತಿ ಉಬ್ಬಿದ ಸಾಲುಗಳ ಮೇಲೆ ಬೆರಳು ನಿಧಾನ ಇಳಿಯಿತು. ತುದಿಗೆ ಬಂದು ನಿಂತಿತು. ಅಲ್ಲೇ ಎರಡು ಮೂರು ಸಲ ಹೊರಳಾಡಿತು.

‘ಬರದದ್ದು ಬೆರಳಿಗೆ ಹತ್ತತೈತಿ,’ ಎಂದ. ‘ಸಹಿ ಹತ್ತವಲ್ದರಿ.’

‘ಮಾಡ್ಯಾರ್ರಿ,’ ಎಂದಳು ಹೆಂಡತಿ. ‘ತೆಳ್ಳಗ ಐತಿ.’

‘ನನಗ ಹತ್ತೂ ಹಂಗ ಮಾಡ್ರಿ, ಭಾಯಿ.’

ಅಲುಗದಂತೆ ಎರಡೂ ಅಂಗೈಗಳಿಂದ ಹಾಳೆಯನ್ನು ಒತ್ತಿ ಹಿಡಿದು ಕೂತ. ನಾನು ಪೆನ್ನು ತೆಗೆದುಕೊಂಡು, ಅದೇ ಸಹಿಯ ಮೇಲೆ, ಹಾಳೆ ಹರಿಯುವಷ್ಟು ಒತ್ತಿ ಇನ್ನೊಮ್ಮೆ ನನ್ನ ಹೆಸರು ಬರೆದೆ.